ಅಪ್ಪನ ಗರಗಸ, ನೀಲಗಿರಿಯ ಬೊಡ್ಡೆ

ಬಯಲುಸೀಮೆಯ ಚರಿತ್ರೆ ಹುಡುಕುವವರು ಸಾಮಾನ್ಯವಾಗಿ ಕೆರೆ, ಶಾಸನ, ವೀರಗಲ್ಲುಗಳ ಕಡೆ ಹೋಗುತ್ತಾರೆ. ನನ್ನ ಸಂಶೋಧನೆಯೂ ಅಲ್ಲಿಂದಲೇ ಶುರುವಾದದ್ದು. ಆದರೆ ಚಿಂತಾಮಣಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಎಂಟು ವರ್ಷ ಮೂಲೆಗೆ ಬಿದ್ದಿದ್ದ ಪೆಟ್ರೋಲ್ ಗರಗಸವನ್ನು ಈ ಬೇಸಿಗೆಯಲ್ಲಿ ಬಿಚ್ಚಿದಾಗ, ಅದೂ ಒಂದು ದಾಖಲೆ ಎನ್ನಿಸಿತು.

ಆ ಯಂತ್ರ ನಮ್ಮ ಮನೆಗೆ ಬಂದದ್ದು ನೀಲಗಿರಿಯಿಂದಾಗಿ. ನಂದಿಬೆಟ್ಟದ ತೋಟಕ್ಕೆ ಟಿಪ್ಪುವಿನ ಕಾಲದಲ್ಲೇ ಈ ಮರ ಬಂದಿತೆಂದು ಅರಣ್ಯದ ಚರಿತ್ರೆ ಬರೆದವರು ಹೇಳುತ್ತಾರೆ. ಅಲ್ಲಿಂದ ಹರಡಿದ ತಳಿಗೆ ‘ಮೈಸೂರು ಗಮ್’ ಎಂಬ ಹೆಸರೇ ಬಿತ್ತು. ರೈತರ ಹೊಲಕ್ಕೆ ಅದು ದೊಡ್ಡ ಪ್ರಮಾಣದಲ್ಲಿ ಇಳಿದದ್ದು ಮಾತ್ರ 1980ರ ಆಸುಪಾಸಿನಲ್ಲಿ, ಸಾಮಾಜಿಕ ಅರಣ್ಯ ಯೋಜನೆಯ ಹೊತ್ತಿಗೆ. ಆಗ ನಮ್ಮ ತಾಲ್ಲೂಕುಗಳೆಲ್ಲ ಕೋಲಾರ ಜಿಲ್ಲೆಯಲ್ಲಿದ್ದವು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಕಾರ್ಖಾನೆಗಳಿಗೆ ತಿರುಳಿನ ಮರ ಬೇಕಿತ್ತು. ಮಳೆಯನ್ನು ನಂಬಲಾಗದ ರೈತನಿಗೆ ದನ ಮೇಯದ, ಕಳೆ ಕೀಳುವ ಕೂಲಿ ಬೇಡದ ಬೆಳೆ ಬೇಕಿತ್ತು. ರಾಗಿ ಹೊಲಗಳು ತೋಪಾದವು.

ಕೊಯ್ಯುವ ಯಂತ್ರದ ಕಥೆ ಬೇರೆ ಕಡೆಯದು. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1929ರಲ್ಲಿ ತಂದ ಪೆಟ್ರೋಲ್ ಗರಗಸ 46 ಕೆ.ಜಿ. ತೂಗುತ್ತಿತ್ತು, ಹಿಡಿಯಲು ಇಬ್ಬರು ಬೇಕಿತ್ತು. 1947ರ ಸುಮಾರಿಗೆ ಅಮೆರಿಕದ ಜೋಸೆಫ್ ಕಾಕ್ಸ್, ಮರ ಕೊರೆಯುವ ಹುಳುವಿನ ದವಡೆ ನೋಡಿ ಹೊಸ ಹಲ್ಲಿನ ಚೈನ್ ರೂಪಿಸಿದ. ನಾನು ದುಂಡು ಅರದಿಂದ ಚೂಪು ಮಾಡಿದ ಹಲ್ಲುಗಳೂ ಅದೇ ವಂಶದವು.

ರಿಪೇರಿಯಲ್ಲಿ ಪವಾಡವೇನಿರಲಿಲ್ಲ. ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲ್ ಆವಿಯಾಗಿ, ಅಂಟು ಕಾರ್ಬೊರೇಟರಿನ ಸಣ್ಣ ತೂತುಗಳಲ್ಲಿ ಕೂತಿತ್ತು. ಗರಗಸವನ್ನು ಅಡ್ಡ, ಓರೆ, ಹೇಗೆ ಹಿಡಿದರೂ ಇಂಧನ ಹರಿಯಬೇಕು. ಅದಕ್ಕಾಗಿ ಒಳಗೊಂದು ತೆಳ್ಳನೆಯ ಪೊರೆ ಇರುತ್ತದೆ. ಅದು ಗಟ್ಟಿಯಾಗಿತ್ತು. ಪೊರೆ, ಇಂಧನದ ಪೈಪು, ಪ್ಲಗ್ಗು ಬದಲಾಯಿಸಿ, ಗಾಳಿಯ ಫಿಲ್ಟರ್ ತೊಳೆದೆ. ಒಂದು ಲೀಟರ್ ಹೊಸ ಪೆಟ್ರೋಲಿಗೆ 20 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್ ಬೆರೆಸಿದೆ. ಚೈನಿನ ಆಯಿಲ್ ತುಂಬಿ, ಬ್ರೇಕ್ ಪರೀಕ್ಷಿಸಿ ಹಗ್ಗ ಎಳೆದೆ. ಒಂಬತ್ತನೆಯ ಸಲಕ್ಕೆ ಹೊಗೆ ಕಾರಿ ಶುರುವಾಯಿತು.

“ಇನ್ನೇನಪ್ಪಾ, ತೋಪು ಕೊಯ್ದುಬಿಡು” ಅಂದರು ಅಪ್ಪ. “ಹೆಂಗಿದ್ರೂ ಮತ್ತೆ ಚಿಗುರ್ತದೆ.”

ಅವರ ಮಾತಿನಲ್ಲೇ ನಮ್ಮ ಜಿಲ್ಲೆಯ ನಾಲ್ಕು ದಶಕಗಳ ಲೆಕ್ಕವಿದೆ. ನೀಲಗಿರಿಯನ್ನು ಬುಡಕ್ಕೆ ಕೊಯ್ದರೆ ಬೊಡ್ಡೆ ಚಿಗುರುತ್ತದೆ. ಕೆಲವೇ ವರ್ಷಗಳಲ್ಲಿ ಮತ್ತೊಂದು ಕೊಯ್ಲು. ನೆಟ್ಟವರು ಒಮ್ಮೆ ನೆಟ್ಟರು, ಮಕ್ಕಳು ಕೊಯ್ಯುತ್ತಲೇ ಬಂದರು. ಈ ನಡುವೆ ಬಾವಿಗಳು ಬತ್ತಿ, ಕೊಳವೆಬಾವಿಗಳು ಆಳಕ್ಕಿಳಿದವು. ನೀಲಗಿರಿಯೊಂದೇ ಕಾರಣವಲ್ಲ; ರೇಷ್ಮೆ, ತರಕಾರಿ, ಹೂವಿಗೂ ನಾವು ನೀರೆತ್ತಿದ್ದೇವೆ. ಆದರೂ ತೋಪಿನ ಪಾಲನ್ನು ಊರಿನ ಯಾವ ಹಿರಿಯರೂ ಅಲ್ಲಗಳೆಯುವುದಿಲ್ಲ. ಧಾರವಾಡ ಸೀಮೆಯ ಕುಸನೂರಿನಲ್ಲಿ ರೈತರು 1987ರಲ್ಲಿ ಸಸಿಗಳನ್ನೇ ಕಿತ್ತು ಸತ್ಯಾಗ್ರಹ ಮಾಡಿದ್ದರು. ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಹೊಸದನ್ನು ನೆಡಬೇಡಿ ಎಂದ ಮಾತ್ರಕ್ಕೆ ಹಳೆಯ ಬೊಡ್ಡೆ ಸಾಯುವುದಿಲ್ಲ.

ಬೊಡ್ಡೆ ಕೀಳಲು ಗರಗಸ ಸಾಲದು, ಜೆಸಿಬಿ ಬೇಕು. ಅದರ ಗಂಟೆಯ ಬಾಡಿಗೆ ಮರ ಮಾರಿದ ದುಡ್ಡನ್ನು ತಿನ್ನುತ್ತದೆ. ಅನೇಕ ಮನೆಗಳು ಇಲ್ಲಿಗೇ ನಿಲ್ಲುವುದು. ನಾವು ಈಗ ಮಾಡಿಕೊಂಡ ಒಪ್ಪಂದ ಇಷ್ಟು: ಎರಡು ಎಕರೆಯಲ್ಲಿ ಈ ವರ್ಷ ಅರ್ಧ ಎಕರೆ ಕೊಯ್ದು ಮಾರಿ, ಆ ದುಡ್ಡಿನಲ್ಲಿ ಅಷ್ಟರ ಬೊಡ್ಡೆ ಕೀಳಿಸುವುದು, ಮುಂಗಾರಿಗೆ ರಾಗಿ ಬಿತ್ತುವುದು. ಉಳಿದದ್ದು ಬರುವ ವರ್ಷಗಳಿಗೆ.