ಹೊರೆ ಹೊತ್ತ ನಡಿಗೆ: ಒಂದು ಲೆಕ್ಕದ ಚರಿತ್ರೆ

ಅರಸೀಕೆರೆ ಜಂಕ್ಷನ್ನಿನಲ್ಲಿ ಹಮಾಲಿಯೊಬ್ಬರು 20 ಕಿ.ಗ್ರಾಂ. ತೂಕದ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಪ್ಲಾಟ್‌ಫಾರಂನ ಈ ತುದಿಯಿಂದ ಆ ತುದಿಗೆ ಸಮವೇಗದಲ್ಲಿ ನಡೆದರು ಎಂದುಕೊಳ್ಳಿ. ಗುರುತ್ವದ ವಿರುದ್ಧ ಅವರು ಪೆಟ್ಟಿಗೆಯ ಮೇಲೆ ಮಾಡಿದ ಕೆಲಸ ಎಷ್ಟು? ಪಿ.ಯು.ಸಿ. ವಿದ್ಯಾರ್ಥಿಯನ್ನು ಕೇಳಿದರೆ ಥಟ್ಟನೆ 'ಸೊನ್ನೆ' ಎನ್ನುತ್ತಾನೆ. ಬಲ ಮೇಲ್ಮುಖವಾಗಿದೆ, ಸ್ಥಾನಾಂತರ ಅಡ್ಡವಾಗಿದೆ. ಎರಡರ ನಡುವಿನ ಕೋನ 90 ಡಿಗ್ರಿ. ಉತ್ತರ ಸರಿಯಾಗಿದೆ. ಹಾಗಾದರೆ ಅವರು ಬೆವರಿದ್ದೇಕೆ, ಅವರಿಗೆ ಹಸಿವಾದದ್ದೇಕೆ? ಈ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಸಿಗಲು ಸುಮಾರು ಇನ್ನೂರು ವರ್ಷ ಬೇಕಾಯಿತು. ಆ ಕಥೆಯನ್ನು ಇಲ್ಲಿ ನೋಡೋಣ.

ಹೊತ್ತವರ ಲೆಕ್ಕ ಯಾರಿಟ್ಟರು?

ಹೊರುವ ಕೆಲಸ ನಮ್ಮಲ್ಲಿ ಬಹಳ ಹಳೆಯದು. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠಾಪನೆಯಾಯಿತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಕೆಲಸ ಮೊದಲಾದದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಎರಡೂ ಬಳಪದ ಕಲ್ಲಿನವು. ಈ ಕಲ್ಲು ಉಳಿಗೆ ಮೃದು, ಆದರೆ ಹೆಗಲಿಗೆ ಹಗುರವಲ್ಲ: ಒಂದು ಘನ ಅಡಿಗೆ ಸುಮಾರು 80 ಕಿ.ಗ್ರಾಂ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳ ಹೆಸರುಗಳನ್ನು ಬೇಲೂರಿನಲ್ಲಿ ನೀವು ಇಂದಿಗೂ ಓದಬಹುದು. ಕಲ್ಲು, ಮಣ್ಣು, ನೀರು ಹೊತ್ತವರ ಹೆಸರುಗಳು ಹಾಗೆ ಉಳಿದಿಲ್ಲ.

ಆದರೆ ಹೊರುವವರ ಕಷ್ಟವನ್ನು ಅರಿತವರು ಇದ್ದರು. ನಾಡಿನ ಹಳೆಯ ದಾರಿಗಳ ಬದಿಯಲ್ಲಿ ಎರಡು ಕಲ್ಲುಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹಾಸಿದ ಹೊರೆಗಲ್ಲುಗಳು ಕಾಣಸಿಗುತ್ತವೆ. ಬಗ್ಗದೆ, ಇನ್ನೊಬ್ಬರ ಸಹಾಯವಿಲ್ಲದೆ ಹೊರೆಯನ್ನು ಇಳಿಸಿ, ದಣಿವಾರಿಸಿಕೊಂಡು ಮತ್ತೆ ಹೊತ್ತುಕೊಳ್ಳಲು ಮಾಡಿದ ಏರ್ಪಾಡು ಅದು. ಇದರ ಭೌತವಿಜ್ಞಾನಕ್ಕೆ ಮುಂದೆ ಬರೋಣ.

ಉಸಿರಿನಲ್ಲಿ ಸಿಕ್ಕ ಸುಳಿವು

ದುಡಿಯುವ ದೇಹದ ಖರ್ಚನ್ನು ಅಳೆಯುವ ಪ್ರಯತ್ನ 18ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಆರಂಭವಾಯಿತು. ಲವಾಸಿಯೇ ತನ್ನ ಸಹಾಯಕ ಸೆಗ್ವಿನ್‌ನನ್ನೇ ಪ್ರಯೋಗಕ್ಕೆ ಒಡ್ಡಿದ. ಸೆಗ್ವಿನ್ ಕಾಲಿನಿಂದ ತೂಕ ಎತ್ತುವಾಗ ಬಳಸುವ ಆಕ್ಸಿಜನ್, ಸುಮ್ಮನೆ ಕುಳಿತಾಗ ಬಳಸುವುದಕ್ಕಿಂತ ಬಹಳ ಹೆಚ್ಚಾಗಿತ್ತು. ಮೈಮುರಿದು ದುಡಿಯುವ ಬಡವನ ದೇಹ ಹೆಚ್ಚು ಉರಿಯುತ್ತದೆ, ಆದರೆ ಅವನಿಗೆ ಸಿಗುವ ಊಟ ಕಡಿಮೆ ಎಂಬ ಅನ್ಯಾಯವನ್ನೂ ಲವಾಸಿಯೇ ಗುರುತಿಸಿದ. 1794ರಲ್ಲಿ ಅವನು ಗಿಲೊಟಿನ್‌ಗೆ ಬಲಿಯಾದ.

ವಿದ್ಯುದಾವೇಶಗಳ ನಿಯಮದಿಂದ ನಮಗೆ ಪರಿಚಿತನಾದ ಕೂಲಂಬ್ ಮೂಲತಃ ಸೈನ್ಯದ ಎಂಜಿನಿಯರ್. ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟಿಸುವಾಗ ಕೂಲಿಗಳ ದುಡಿಮೆಯನ್ನು ಹತ್ತಿರದಿಂದ ಕಂಡವನು. ಒಬ್ಬ ಮನುಷ್ಯ ದಣಿದು ಬೀಳದೆ ದಿನವೊಂದಕ್ಕೆ ಎಷ್ಟು ಕೆಲಸ ಮಾಡಬಲ್ಲ, ಎಷ್ಟು ಹೊರೆ ಹೊತ್ತರೆ ಹೆಚ್ಚು ಸಾಗಿಸಬಲ್ಲ ಎಂದು ಅವನು ಲೆಕ್ಕ ಹಾಕಿದ. ಹೊರೆ ಅತಿಯಾದರೆ ದಿನದ ಒಟ್ಟು ಕೆಲಸ ಇಳಿಯುತ್ತದೆ ಎಂಬುದು ಅವನ ಮುಖ್ಯ ತೀರ್ಮಾನ.

1840ರ ದಶಕದಲ್ಲಿ ಮೇಯರ್ ಮತ್ತು ಜೂಲ್ ಉಷ್ಣಕ್ಕೂ ಕೆಲಸಕ್ಕೂ ಇರುವ ಸಂಬಂಧವನ್ನು ಸ್ಥಾಪಿಸಿದರು. ಅದರಿಂದ ಊಟದ ಶಕ್ತಿಯನ್ನೂ ದೇಹದ ದುಡಿಮೆಯನ್ನೂ ಒಂದೇ ಮಾನದಲ್ಲಿ ತೂಗಲು ಸಾಧ್ಯವಾಯಿತು. ಒಂದು ಲೀಟರ್ ಆಕ್ಸಿಜನ್ ಬಳಕೆ ಎಂದರೆ ಸುಮಾರು 5 ಕಿಲೊಕ್ಯಾಲೊರಿ ಖರ್ಚು. ಬರ್ಲಿನ್ನಿನ ತ್ಸುಂಟ್ಸ್ ಬೆನ್ನಿಗೆ ಕಟ್ಟಿಕೊಳ್ಳಬಹುದಾದ ಅನಿಲಮಾಪಕವನ್ನು ರೂಪಿಸಿದ. ಸೈನಿಕರ ಹೊರೆ ಹೊತ್ತು ನಡೆದವರ ಮೇಲೆ ಅವನೂ ಶುಂಬುರ್ಗ್‌ನೂ ನಡೆಸಿದ ಅಧ್ಯಯನ 1901ರಲ್ಲಿ ಪ್ರಕಟವಾಯಿತು.

ಸೊನ್ನೆ ಕೆಲಸದ ರಹಸ್ಯ

ಈಗ ಹಮಾಲಿಯ ಪ್ರಶ್ನೆಗೆ ಉತ್ತರಿಸಬಹುದು. ನಡೆಯುವಾಗ ದೇಹದ ದ್ರವ್ಯರಾಶಿ ಕೇಂದ್ರ ಪ್ರತಿ ಹೆಜ್ಜೆಗೂ ಕೆಲವು ಸೆಂಟಿಮೀಟರ್ ಏರಿ ಇಳಿಯುತ್ತದೆ. ಲೋಲಕದಲ್ಲಿ ಆಗುವಂತೆ ಸ್ಥಿತಿಶಕ್ತಿ ಚಲನಶಕ್ತಿಯಾಗಿ, ಚಲನಶಕ್ತಿ ಮತ್ತೆ ಸ್ಥಿತಿಶಕ್ತಿಯಾಗಿ ಬದಲಾಗುತ್ತದೆ. ಆದರೆ ಪೂರ್ತಿಯಾಗಿ ಅಲ್ಲ. ಉಳಿದದ್ದನ್ನು ಸ್ನಾಯುಗಳು ತುಂಬಬೇಕು. ಅದಲ್ಲದೆ, ಗೂಟಕ್ಕೆ ತೂಗುಹಾಕಿದ ಚೀಲವನ್ನು ಹಿಡಿದಿರಲು ಗೂಟಕ್ಕೆ ಏನೂ ಖರ್ಚಿಲ್ಲ; ಬಿಗಿಹಿಡಿದ ಸ್ನಾಯು ಮಾತ್ರ ಅಲುಗಾಡದಿದ್ದರೂ ಇಂಧನ ಉರಿಸುತ್ತದೆ.

ಎಲ್ಲಿ ಹೊರಬೇಕು ಎಂಬ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ ನಮ್ಮ ದೇಶದಿಂದಲೇ ಬಂತು. 1971ರಲ್ಲಿ ದತ್ತ ಮತ್ತು ರಾಮನಾಥನ್ 30 ಕಿ.ಗ್ರಾಂ. ಹೊರೆಯನ್ನು ಏಳು ವಿಧಗಳಲ್ಲಿ ಹೊರಿಸಿ ಹೋಲಿಸಿದರು. ಎದೆಗೂ ಬೆನ್ನಿಗೂ ಸಮನಾಗಿ ಹಂಚಿದ ಹೊರೆಗೆ ಅತಿ ಕಡಿಮೆ ಖರ್ಚು. ತಲೆಹೊರೆ ಅದರ ಬೆನ್ನಿಗೇ ಇತ್ತು. ಹೆಗಲ ಅಡ್ಡೆ ಹಿಂದೆ ಬಿತ್ತು. ಎಲ್ಲಕ್ಕಿಂತ ದುಬಾರಿ, ಎರಡು ಕೈಗಳಲ್ಲಿ ತೂಗುಹಾಕಿಕೊಂಡು ನಡೆಯುವುದು. ಸಿಂಬೆಯ ಮೇಲೆ ಕೊಡ ಇಟ್ಟು ನಡೆಯುವ ನಮ್ಮ ಹೆಂಗಸರು ಇದನ್ನು ಪ್ರಯೋಗಾಲಯವಿಲ್ಲದೆಯೇ ಕಂಡುಕೊಂಡಿದ್ದರು.

1986ರಲ್ಲಿ ಇನ್ನೊಂದು ಅಚ್ಚರಿ ಕಾದಿತ್ತು. ಪೂರ್ವ ಆಫ್ರಿಕದ ಲುವೋ ಮತ್ತು ಕಿಕುಯು ಮಹಿಳೆಯರು ತಮ್ಮ ತೂಕದ ಶೇ. 20ರಷ್ಟು ಹೊರೆಯನ್ನು ಹೆಚ್ಚುವರಿ ಖರ್ಚಿಲ್ಲದೆ ಹೊರುತ್ತಾರೆಂದು 'ನೇಚರ್' ಪತ್ರಿಕೆ ವರದಿ ಮಾಡಿತು. ಅವರ ನಡಿಗೆಯಲ್ಲಿ ಲೋಲಕದ ವಿನಿಮಯ ಹೆಚ್ಚು ದಕ್ಷವಾಗಿದೆ ಎಂಬ ವಿವರಣೆ 1995ರಲ್ಲಿ ಬಂತು. ಆದರೆ 2010ರಲ್ಲಿ ದಕ್ಷಿಣ ಆಫ್ರಿಕದಲ್ಲಿ ನಡೆದ ಅಧ್ಯಯನದಲ್ಲಿ ಇಂಥ ಉಳಿತಾಯ ಎಲ್ಲರಲ್ಲೂ ಕಾಣಲಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸ ದೊಡ್ಡದಿತ್ತು.

ಹಳೇಬೀಡಿನಿಂದ ಬೇಲೂರಿಗೆ

1977ರಲ್ಲಿ ಪ್ಯಾಂಡಾಲ್ಫ್ ಮತ್ತು ಸಂಗಡಿಗರು ಅಮೆರಿಕದ ಸೈನ್ಯಕ್ಕಾಗಿ ರೂಪಿಸಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದಕ್ಕೆ ದೇಹದ ತೂಕ, ಹೊರೆ, ವೇಗ, ಏರು, ನೆಲದ ಸ್ವರೂಪ ಬೇಕು. ಲೆಕ್ಕ ಹಾಕಿ ನೋಡೋಣ. ನಿಮ್ಮ ತೂಕ 60 ಕಿ.ಗ್ರಾಂ.; ಬೆನ್ನ ಮೇಲೆ 20 ಕಿ.ಗ್ರಾಂ., ಅಂದರೆ ಸುಮಾರು ಮೂವತ್ತು ಸುಲಿದ ತೆಂಗಿನಕಾಯಿಗಳ ತೂಕ. ದಾರಿ ಸಮತಟ್ಟಾದ ಡಾಂಬರು ರಸ್ತೆ ಎಂದಿಟ್ಟುಕೊಳ್ಳಿ. ವೇಗ ಸೆಕೆಂಡಿಗೆ 1.2 ಮೀಟರ್. ಬರಿಗೈಯಲ್ಲಿ ನಡೆದರೆ ಗಂಟೆಗೆ ಸುಮಾರು 189 ಕಿಲೊಕ್ಯಾಲೊರಿ, ಹೊರೆಯೊಡನೆ 241. ಹಳೇಬೀಡಿನಿಂದ ಬೇಲೂರಿಗಿರುವ 16 ಕಿ.ಮೀ. ಕ್ರಮಿಸಲು ಬರಿಗೈಯಲ್ಲಿ 700, ಹೊರೆಯೊಡನೆ 890. ಹೊರೆಯ ಪಾಲು ಕೇವಲ 190 ಕಿಲೊಕ್ಯಾಲೊರಿ. ಅದು ಸುಮಾರು 60 ಗ್ರಾಂ ರಾಗಿ ಹಿಟ್ಟಿನಿಂದ ಸಿಗುವ ಶಕ್ತಿ.

ಕೈಗಡಿಯಾರ ಅಥವಾ ಮೊಬೈಲಿನಲ್ಲಿ ಹೆಜ್ಜೆ ಎಣಿಸುವವರು ಒಂದನ್ನು ಗಮನಿಸಿ. ನಿಮ್ಮ ಬೆನ್ನ ಮೇಲಿನ ಚೀಲ ಆ ಉಪಕರಣಕ್ಕೆ ಕಾಣುವುದಿಲ್ಲ. ಹೆಜ್ಜೆ ಮತ್ತು ದೇಹದ ತೂಕದಿಂದ ಲೆಕ್ಕ ಹಾಕುವ ಉಪಕರಣವಾದರೆ ತೂಕದ ಜಾಗದಲ್ಲಿ 60ರ ಬದಲು 80 ಎಂದು ಕೊಟ್ಟು ನೋಡಿ. ಮೇಲಿನ ಉದಾಹರಣೆಯನ್ನು ಹೀಗೆ ಸೂತ್ರಕ್ಕೆ ಹಾಕಿದರೆ ತಪ್ಪು ಶೇ. 5ಕ್ಕಿಂತ ಕಡಿಮೆ. ಹೊರೆ ಕೈಯಲ್ಲಿದ್ದರೆ ಈ ಉಪಾಯ ಸಾಲದು.

ಲೆಕ್ಕಕ್ಕೆ ಸಿಗದ ಖರ್ಚು

ಹಿಡಿಯಷ್ಟು ರಾಗಿ ಹಿಟ್ಟಿನಲ್ಲಿ ಮುಗಿಯುವ ಖರ್ಚಾದರೆ ಹೊರೆ ಹಗುರವೆಂದು ತಿಳಿಯಬೇಕೆ? ಹೊರೆಗಲ್ಲಿಗೆ ಮರಳಿ ಬನ್ನಿ. 30 ಕಿ.ಗ್ರಾಂ. ಮೂಟೆಯನ್ನು ನೆಲದಿಂದ ತಲೆಯ ಎತ್ತರಕ್ಕೆ, ಅಂದರೆ 1.6 ಮೀಟರ್ ಎತ್ತುವ ಕೆಲಸ ಸುಮಾರು 470 ಜೂಲ್. ಸ್ನಾಯುಗಳ ದಕ್ಷತೆಯನ್ನು ಗಣನೆಗೆ ತೆಗೆದುಕೊಂಡರೂ ಅದಕ್ಕೆ ತಗಲುವುದು ಅರ್ಧ ಕಿಲೊಕ್ಯಾಲೊರಿಯ ಆಸುಪಾಸು. ಇಷ್ಟನ್ನು ಉಳಿಸಲು ಯಾರೂ ಕಲ್ಲು ನೆಡಿಸುವುದಿಲ್ಲ. ಹೊರೆಗಲ್ಲು ಉಳಿಸುವುದು ಬೆನ್ನು ಮೂಳೆಯನ್ನು. ಬಗ್ಗಿ ಎತ್ತುವಾಗ ಸೊಂಟದ ಸಂಧಿಗಳ ಮೇಲೆ ಬೀಳುವ ಬಲ ಹೊರೆಯ ತೂಕದ ಹಲವು ಪಟ್ಟು. ಕ್ಯಾಲೊರಿ ಶಕ್ತಿಯ ಮಾನ. ಮೂಳೆ ಸವೆಯುವುದು ಬಲದಿಂದ. 1967ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ವಯಸ್ಕ ಗಂಡಸು ಹೊರುವ ಮೂಟೆಗೆ 55 ಕಿ.ಗ್ರಾಂ. ಮಿತಿಯನ್ನು ಶಿಫಾರಸು ಮಾಡಿದ್ದೂ, 2020ರ ರಾಷ್ಟ್ರೀಯ ನೀತಿ ಶಾಲಾ ಚೀಲವನ್ನು ಮಗುವಿನ ತೂಕದ ಶೇ. 10ಕ್ಕೆ ಸೀಮಿತಗೊಳಿಸಿದ್ದೂ ತೂಕದ ಮಿತಿಗಳೇ.

ಊಟದ ಲೆಕ್ಕವೂ ಬೇಕು, ನಿಜ. 55 ಕಿ.ಗ್ರಾಂ. ತೂಕದ, ಭಾರೀ ದುಡಿಮೆಯ ಮಹಿಳೆಗೆ ದಿನಕ್ಕೆ 2,720 ಕಿಲೊಕ್ಯಾಲೊರಿ ಬೇಕೆಂದು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ವರದಿ ಹೇಳುತ್ತದೆ. ಕುಳಿತು ಕೆಲಸ ಮಾಡುವವಳಿಗೆ 1,660. ಲವಾಸಿಯೇ ಕಂಡ ಅಂತರ ಇದೇ. ಇನ್ನು ಮುಂದೆ ನಿಮ್ಮ ಉಪಕರಣ ಕ್ಯಾಲೊರಿ ತೋರಿಸಿದಾಗ ಇನ್ನೆರಡು ಪ್ರಶ್ನೆಗಳನ್ನೂ ಕೇಳಿಕೊಳ್ಳಿ: ಹೊರೆ ದೇಹದ ಯಾವ ಭಾಗದ ಮೇಲಿದೆ? ಅದನ್ನು ಇಳಿಸಲು ದಾರಿಯಲ್ಲಿ ಜಾಗವಿದೆಯೆ?