ಪಾಪವಿಮೋಚನೆಯೂ ನೂತನ ದಾಸ್ಯವೂ

ಮುಧೋಳ ತಾಲೂಕಿನ ಲೋಕಾಪುರವನ್ನು ನಡುವಿಟ್ಟುಕೊಂಡು ಸುತ್ತಲಿನ ಸೀಮೆಯನ್ನು ಅವಲೋಕಿಸಿದರೆ, ಕರ್ನಾಟಕದ ಮತೇತಿಹಾಸದ ಬಹುಭಾಗವು ಅಲ್ಪಪ್ರದೇಶದಲ್ಲಿಯೇ ಅಡಕವಾಗಿರುವುದು ಕಂಡುಬರುತ್ತದೆ. ಜೈನಕವಿಯಾದ ರನ್ನನು 949ರಲ್ಲಿ ಜನಿಸಿದ ಮುದುವೊಳಲು ಇಂದಿನ ಮುಧೋಳವೇ. ಬಸವಣ್ಣನವರು ಐಕ್ಯರಾದ ಕೂಡಲಸಂಗಮವು ಮೂಡಲಲ್ಲಿದೆ. ಹರಿದಾಸಪರಂಪರೆಗೆ ಸೇರಿದ ಪ್ರಸನ್ನವೆಂಕಟದಾಸರು ಬಾಗಲಕೋಟೆಯವರು. ಕರ್ಮಕ್ಷಯ, ಲಿಂಗಾಂಗಸಾಮರಸ್ಯ, ಹರಿದಾಸ್ಯ ಎಂಬ ಮೂರು ದಾರಿಗಳನ್ನೂ ಈ ನೆಲದ ಜನರು ಶತಮಾನಗಳಿಂದ ಅರಿತಿದ್ದರು. ಹೀಗಿರಲು, 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ 1841ರಲ್ಲಿ ಗದಗಿನ ಬಳಿಯ ಬೆಟಗೇರಿಯಲ್ಲಿಯೂ ನೆಲೆಗೊಂಡ ಬಾಸೆಲ್ ಮಿಶನ್ನಿನವರು, 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡಕ್ಕೆ ಬಂದರು. ಕ್ರಿಸ್ತನಲ್ಲಿ ವಿಶ್ವಾಸವಿಟ್ಟವನು ಪಾಪದಿಂದ ಬಿಡುಗಡೆ ಹೊಂದಿ ಹೊಸ ಒಡೆಯನಿಗೆ ಸೇರಿದವನಾಗುತ್ತಾನೆಂಬುದು ಅವರ ಬೋಧನೆಯ ತಿರುಳು. ಈ ಮಾತು ಕನ್ನಡದಲ್ಲಿ ಯಾವ ಶಬ್ದಗಳನ್ನು ತೊಟ್ಟು ಬಂದಿತು, ಆ ಶಬ್ದಗಳು ಕೇಳಿದವರಿಗೆ ಏನನ್ನು ತಿಳಿಸಿದುವು, ಒಪ್ಪಿಕೊಂಡವರ ಬಾಳಿನಲ್ಲಿ ಅದು ಹೇಗೆ ಪರೀಕ್ಷೆಗೊಳಗಾಯಿತು ಎಂಬುದು ವಿಚಾರಣೀಯವಾಗಿದೆ.

ಮೊದಲು ಸಿದ್ಧಾಂತದ ಸ್ವರೂಪವನ್ನು ತಿಳಿಯಬೇಕು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಪೌಲನು ರೋಮಾಪುರದ ಸಭೆಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯವೇ ಇದಕ್ಕೆ ಮೂಲ. ಅಲ್ಲಿ ಪಾಪವೆಂಬುದು ಮನುಷ್ಯನು ಮಾಡಿದ ಬಿಡಿ ಬಿಡಿಯಾದ ದುಷ್ಕೃತ್ಯಗಳ ಮೊತ್ತವಾಗಿ ಮಾತ್ರ ನಿರೂಪಿತವಾಗಿಲ್ಲ. ಅದು ಮನುಷ್ಯನನ್ನು ಆಳುವ ಒಬ್ಬ ಯಜಮಾನನಂತೆ ವರ್ಣಿತವಾಗಿದೆ. ಕ್ರಿಸ್ತನ ಮರಣದಲ್ಲಿ ವಿಶ್ವಾಸದಿಂದ ಪಾಲುಗೊಂಡವನು ಆ ಯಜಮಾನನ ಪಾಲಿಗೆ ಸತ್ತವನು. ಸತ್ತ ಆಳಿನ ಮೇಲೆ ಒಡೆಯನಿಗೆ ಅಧಿಕಾರವಿಲ್ಲ. ಆದರೆ ಹೀಗೆ ಬಿಡುಗಡೆಯಾದವನು ಒಡೆಯನೇ ಇಲ್ಲದವನಾಗಿ ಉಳಿಯುವುದಿಲ್ಲ; ಅವನು ದೇವರಿಗೆ ದಾಸನಾಗುತ್ತಾನೆ. ರೋಮಿನಲ್ಲಿ ಗುಲಾಮರು ಸಂತೆಯಲ್ಲಿ ಮಾರಾಟವಾಗುತ್ತಿದ್ದರು. ವಿಮುಕ್ತನಾದ ಗುಲಾಮನೂ ತನ್ನನ್ನು ಬಿಡಿಸಿದವನಿಗೆ ಕೆಲವು ಸೇವೆಗಳನ್ನು ಸಲ್ಲಿಸತಕ್ಕವನಾಗಿದ್ದನು. ಆದುದರಿಂದ ಅಲ್ಲಿನ ಶ್ರೋತೃಗಳಿಗೆ ಈ ಉಪಮಾನವು ನಿತ್ಯಜೀವನದ ಸಂಗತಿಯಾಗಿತ್ತು.

ಕರ್ನಾಟಕದ ಶ್ರೋತೃವಿನ ಮನಸ್ಸಿನಲ್ಲಿ ಪಾಪವೆಂಬ ಶಬ್ದಕ್ಕೆ ಬೇರೆ ಬೇರೆ ಸಂಸ್ಕಾರಗಳಿದ್ದುವು. ಧರ್ಮಶಾಸ್ತ್ರದಲ್ಲಿ ಪಾಪವು ನಿಷಿದ್ಧಾಚರಣೆಯಿಂದ ಹುಟ್ಟಿ ಪ್ರಾಯಶ್ಚಿತ್ತದಿಂದ ನಿವಾರಿತವಾಗತಕ್ಕದ್ದು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರವರೆಗಿನ ಆಳಿಕೆಯಲ್ಲಿ, ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಮಿತಾಕ್ಷರೆಯ ಮೂರನೆಯ ಅಧ್ಯಾಯವು ಇದನ್ನೇ ವಿಸ್ತಾರವಾಗಿ ನಿರ್ಣಯಿಸುತ್ತದೆ. ಜೈನರ ಮತದಲ್ಲಿ ಕರ್ಮವು ಜೀವಕ್ಕೆ ಅಂಟಿಕೊಳ್ಳುವ ಪುದ್ಗಲ. ತಪಸ್ಸಿನಿಂದ ಅದರ ನಿರ್ಜರೆಯಾಗಬೇಕು. ಒಬ್ಬನ ಕರ್ಮವನ್ನು ಮತ್ತೊಬ್ಬನು ಕಳೆಯಲಾರನು. ಶರಣರ ಮಾರ್ಗದಲ್ಲಿಯಾದರೋ ಗುರುವಿನ ದೀಕ್ಷೆಯಿಂದ ಭವಿತನವು ಅಳಿದು, ಪೂರ್ವದ ಜಾತಿ ಸೂತಕಗಳು ನಿರಸನಗೊಂಡು, ಭಕ್ತನಿಗೆ ಹೊಸ ಹುಟ್ಟು ದೊರೆಯುತ್ತದೆ. ಈ ಮೂರರಲ್ಲಿ ಕ್ರೈಸ್ತಬೋಧನೆಗೆ ಮೂರನೆಯದೇ ಹೆಚ್ಚು ಸಮೀಪವೆಂಬುದು ಮೇಲುನೋಟಕ್ಕೇ ವೇದ್ಯವಾಗುತ್ತದೆ. ಆದರೂ ಅದು ಪೂರ್ಣಸಾಮ್ಯವಲ್ಲ. ಏಕೆಂದರೆ ದೀಕ್ಷೆಯ ವಿಚಾರದಲ್ಲಿ ಮತ್ತೊಬ್ಬನು ಬೆಲೆ ತೆತ್ತು ಬಿಡಿಸಿದನೆಂಬ ಭಾವವು ಪ್ರಧಾನವಾಗಿಲ್ಲ.

ಆ ಭಾವಕ್ಕೆ ಸಮಾನವಾದುದನ್ನು ಹುಡುಕುವವರು ಮೋಕ್ಷಶಾಸ್ತ್ರವನ್ನು ಬಿಟ್ಟು ವ್ಯವಹಾರಶಾಸ್ತ್ರವನ್ನು ನೋಡಬೇಕು. ನಾರದಸ್ಮೃತಿಯು ದಾಸರಲ್ಲಿ ಹದಿನೈದು ವಿಧಗಳನ್ನು ಎಣಿಸುತ್ತದೆ. ಮಿತಾಕ್ಷರೆಯು ಆ ವಚನಗಳನ್ನು ಉದಾಹರಿಸಿ ವಿವರಿಸಿದೆ. ಮನೆಯ ದಾಸಿಯಲ್ಲಿ ಹುಟ್ಟಿದವನು, ಕೊಳ್ಳಲ್ಪಟ್ಟವನು, ದಾನವಾಗಿ ಬಂದವನು, ದಾಯವಾಗಿ ಬಂದವನು ಎಂಬ ಮೊದಲಿನ ನಾಲ್ವರಿಗೆ ಒಡೆಯನ ಪ್ರಸಾದವಿಲ್ಲದೆ ಬಿಡುಗಡೆಯಿಲ್ಲ. ಅದೇ ಪಟ್ಟಿಯಲ್ಲಿ, ಮಹತ್ತಾದ ಸಾಲದಿಂದ ಬಿಡಿಸಲ್ಪಟ್ಟು ಬಿಡಿಸಿದವನಿಗೆ ದಾಸನಾದವನೊಬ್ಬನು. ನಾನು ನಿನ್ನವನೆಂದು ಹೇಳಿಕೊಂಡು ತಾನಾಗಿ ಬಂದು ಸೇರಿದವನು ಮತ್ತೊಬ್ಬನು. ದಾಸನನ್ನು ಬಿಡುಗಡೆ ಮಾಡುವ ವಿಧಿಯೂ ಅಲ್ಲಿಯೇ ಉಕ್ತವಾಗಿದೆ. ಸ್ವಾಮಿಯು ದಾಸನ ಹೆಗಲ ಮೇಲಿನ ನೀರ ಕೊಡವನ್ನು ತೆಗೆದು ಒಡೆಯಬೇಕು. ಅಕ್ಷತೆ ಹೂಗಳೊಡಗೂಡಿದ ನೀರನ್ನು ಅವನ ತಲೆಗೆ ಪ್ರೋಕ್ಷಿಸಿ, ಅವನು ಇನ್ನು ದಾಸನಲ್ಲವೆಂದು ಮೂರು ಸಲ ಸಾರಿ, ಪೂರ್ವಾಭಿಮುಖನಾಗಿ ಕಳುಹಿಸಬೇಕು.

ಪೌಲನ ಮಾತಿನ ಅಂಗಗಳೆಲ್ಲ ಇಲ್ಲಿ ಬೇರೆ ಬೇರೆಯಾಗಿ ದೊರೆಯುತ್ತವೆ: ಹುಟ್ಟಿನಿಂದಲೇ ಬಂದ ದಾಸತ್ವ, ಸ್ವಾಮಿಯ ಪ್ರಸಾದವೊಂದೇ ಗತಿಯೆಂಬ ನಿಯಮ, ಇನ್ನೊಬ್ಬನು ತೀರಿಸಿದ ಋಣ, ತಾನಾಗಿ ಬಂದ ಶರಣಾಗತಿ, ನೀರಿನಿಂದ ನಡೆಯುವ ಬಹಿರಂಗವಾದ ವಿಮೋಚನೆ. ಭೇದವೇನೆಂದರೆ, ನಾರದನ ವಿಧಿಯಲ್ಲಿ ನೀರು ಬಿದ್ದವನು ಯಾರಿಗೂ ದಾಸನಲ್ಲದವನಾಗಿ ಹೊರಡುತ್ತಾನೆ. ಕ್ರೈಸ್ತಸಂಸ್ಕಾರದಲ್ಲಿ ನೀರಿನಿಂದ ಎದ್ದವನು ಹೊಸ ಒಡೆಯನ ಮನೆಗೆ ಹೋಗುತ್ತಾನೆ. ಸ್ಮೃತಿಯು ಬಿಡುಗಡೆಯನ್ನೂ ದಾಸ್ಯವನ್ನೂ ಎರಡು ಸ್ಥಿತಿಗಳಾಗಿ ಭಾವಿಸಿದರೆ, ಕ್ರೈಸ್ತಬೋಧನೆಯು ಅವೆರಡನ್ನೂ ಒಂದೇ ಕ್ರಿಯೆಯ ಎರಡು ಮುಖಗಳೆಂದು ಹೇಳುತ್ತದೆ. ಈ ಎರಡನ್ನೂ ಒಂದರಿಂದೊಂದು ಪಡೆದುವೆಂದು ಭಾವಿಸತಕ್ಕದ್ದಲ್ಲ. ಸಾಮ್ಯವು ಅರ್ಥಬೋಧೆಗೆ ಮಾತ್ರ ಉಪಯುಕ್ತವಾಗಿದೆ.

ಇನ್ನು ಕನ್ನಡ ಶಬ್ದಗಳ ವಿಚಾರ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸನು 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಸತ್ಯವೇದದ ಭಾಷಾಂತರವನ್ನು ಕೈಕೊಂಡನು. 1831ರ ಹೊತ್ತಿಗೆ ಸಮಗ್ರ ಗ್ರಂಥವು ಕನ್ನಡದಲ್ಲಿ ಸಿದ್ಧವಾಗಿತ್ತು. ಅದನ್ನು ತಿದ್ದುವ ಕಾರ್ಯದಲ್ಲಿ ಬಾಸೆಲ್ ಮಿಶನ್ನಿನ ವೈಗ್ಲೆಯೂ ಮೋಗ್ಲಿಂಗನೂ ಶ್ರಮಿಸಿದರು. ಮೋಗ್ಲಿಂಗನು 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದವನು. 1848ರಿಂದ 1853ರವರೆಗೆ ಪ್ರಕಟವಾದ ಬಿಬ್ಲಿಯೋಥಿಕಾ ಕರ್ನಾಟಿಕಾ ಮಾಲೆಯಲ್ಲಿ ಹರಿದಾಸರ ಪದಗಳನ್ನು ಅಚ್ಚು ಹಾಕಿಸಿದವನೂ ಅವನೇ. 1853ರಲ್ಲಿ ಬಂದ ಕಿಟ್ಟೆಲನು 1862ರಲ್ಲಿ ಕ್ರಿಸ್ತಚರಿತ್ರೆಯನ್ನು ಕಥಾಮಾಲೆಯೆಂಬ ಹೆಸರಿನಿಂದ ಕನ್ನಡ ಪದ್ಯದಲ್ಲಿ ರಚಿಸಿ, 1873ರಲ್ಲಿ ಕರ್ನಾಟಕದ ವೈಷ್ಣವದಾಸರನ್ನು ಕುರಿತು ಲೇಖನವನ್ನು ಪ್ರಕಟಿಸಿ, 1894ರಲ್ಲಿ ತನ್ನ ಮಹಾನಿಘಂಟನ್ನು ಹೊರತಂದನು. ಆದುದರಿಂದ ದಾಸಶಬ್ದಕ್ಕೆ ಕನ್ನಡದಲ್ಲಿರುವ ಗೌರವವನ್ನು ಇವರು ಚೆನ್ನಾಗಿ ಅರಿತವರೇ.

ಗ್ರೀಕ್ ಮೂಲದ ಶಬ್ದವು ಪಾಪದ ಪಕ್ಷದಲ್ಲಿಯೂ ದೇವರ ಪಕ್ಷದಲ್ಲಿಯೂ ಒಂದೇ; ಲೋಕದಲ್ಲಿ ಅದು ಹೀನಾರ್ಥಕವಾಗಿತ್ತು. ಕನ್ನಡ ಬೈಬಲಿನಲ್ಲಿಯೂ ಎರಡು ಪಕ್ಷಕ್ಕೂ ದಾಸಶಬ್ದವೇ ನಿಂತಿದೆ. ಆದರೆ ಪುರಂದರದಾಸರ, ಕನಕದಾಸರ ನಾಡಿನಲ್ಲಿ ಈ ಶಬ್ದವು ಬಿರುದು. ನವವಿಧಭಕ್ತಿಯಲ್ಲಿ ದಾಸ್ಯವು ಏಳನೆಯದು. ಹೀಗಾಗಿ ರೋಮಿನವನಿಗೆ ದೇವರ ಗುಲಾಮನೆಂಬ ಮಾತು ಬೆರಗನ್ನುಂಟುಮಾಡಿದ್ದರೆ, ಕನ್ನಡಿಗನಿಗೆ ಪಾಪದ ದಾಸನೆಂಬ ಮಾತೇ ಬೆರಗಿಗೆ ಕಾರಣವಾಗತಕ್ಕದ್ದು. ಭಾಷಾಂತರದಲ್ಲಿ ಉಪಮಾನದ ತೀಕ್ಷ್ಣತೆಯು ಒಂದು ಕಡೆಯಿಂದ ಮತ್ತೊಂದು ಕಡೆಗೆ ಸರಿಯಿತು.

ಪ್ರಾಟೆಸ್ಟೆಂಟರು ರೂಢಿಗೆ ತಂದ ದೀಕ್ಷಾಸ್ನಾನವೆಂಬ ಸಮಾಸವೂ ಗಮನಾರ್ಹವಾದುದು. ಕಥೋಲಿಕರಲ್ಲಿ ಇದಕ್ಕೆ ಜ್ಞಾನಸ್ನಾನವೆಂಬ ಹೆಸರುಂಟು. ವೈದಿಕಯಾಗದಲ್ಲಿ ದೀಕ್ಷೆಯು ಆರಂಭದ ಕರ್ಮ, ಅವಭೃಥಸ್ನಾನವು ಕೊನೆಯ ಕರ್ಮ. ಶೈವರಲ್ಲಿ ದೀಕ್ಷೆಯು ಗುರುಕಾರುಣ್ಯದ ಪ್ರವೇಶದ್ವಾರ. ಹೊಸ ಸಮಾಸದಲ್ಲಿ ಹಳೆಯ ಬಾಳಿನ ಮುಕ್ತಾಯವೂ ಹೊಸ ನಿಷ್ಠೆಯ ಆರಂಭವೂ ಒಟ್ಟಿಗೆ ಸೇರಿರುವುದರಿಂದ ಇದು ಪೌಲನ ಅಭಿಪ್ರಾಯಕ್ಕೆ ಬಹಳ ಅನುಗುಣವಾಗಿದೆ. ನೀತಿಶಬ್ದದ ವಿಷಯದಲ್ಲಿ ಹಾಗೆ ಹೇಳಲಾಗದು. ಪಂಚತಂತ್ರಾದಿಗಳನ್ನು ಓದಿದವನಿಗೆ ನೀತಿಯೆಂದರೆ ಲೋಕವ್ಯವಹಾರದ ಜಾಣತನವೇ ಮೊದಲು ಹೊಳೆಯುತ್ತದೆ. ದೇವರು ತನ್ನ ಕೃಪೆಯಿಂದ ದಯಪಾಲಿಸುವ ನಿರ್ದೋಷತ್ವವು ಆ ಶಬ್ದದಿಂದ ಕೂಡಲೆ ಸ್ಫುರಿಸದು.

ಶಬ್ದಗಳು ಹೀಗಿರಲು, ಅವುಗಳನ್ನು ನಂಬಿ ಬಂದವರ ಬಾಳಿನಲ್ಲಿ ನಡೆದುದೇನು? ಹುಬ್ಬಳ್ಳಿಯ ಕಡೆಯಲ್ಲಿ ಕಾಲಜ್ಞಾನಿಗಳೆಂಬ ಪಂಗಡದವರು, ತಮ್ಮ ಭವಿಷ್ಯವಚನಗಳಲ್ಲಿ ಹೇಳಿದ ಗುರುಗಳು ಈ ಪಾದ್ರಿಗಳೇ ಇರಬಹುದೆಂಬ ನಿರೀಕ್ಷೆಯಿಂದ ಅವರನ್ನು ಸಮೀಪಿಸಿದರು. ಸ್ವಜನರನ್ನು ಬಿಟ್ಟು ಬರುವವರಿಗೆ ಆಶ್ರಯವಾಗಲೆಂದು 1840ರ ದಶಕದ ಆರಂಭದಲ್ಲಿ ಬೆಟಗೇರಿಯ ಸಮೀಪದ ಮಲಸಮುದ್ರದಲ್ಲಿ ಒಂದು ಒಕ್ಕಲುತನದ ನೆಲೆಯನ್ನು ಏರ್ಪಡಿಸಲಾಯಿತು. ಆದರೆ ನಿರೀಕ್ಷಿಸಿದಂತೆ ಜನಸಮೂಹವು ಬರಲಿಲ್ಲ. ಆ ಯತ್ನವು ನಿಷ್ಫಲವಾಯಿತು. ಎರಡು ಕಡೆಯವರೂ ಬಿಡುಗಡೆಯೆಂಬ ಒಂದೇ ಶಬ್ದವನ್ನಾಡುತ್ತಿದ್ದರು. ಬರತಕ್ಕ ಹೊಸ ಕಾಲದ ಆಶೆ ಒಬ್ಬರದು, ಪಶ್ಚಾತ್ತಾಪದ ಅಪೇಕ್ಷೆ ಮತ್ತೊಬ್ಬರದು. ಈ ಅರ್ಥಭೇದವು ವೈಫಲ್ಯದ ಒಂದು ಕಾರಣವೆಂದು ಊಹಿಸಲು ಅವಕಾಶವಿದೆ.

ಒಬ್ಬೊಬ್ಬರಾಗಿ ದೀಕ್ಷಾಸ್ನಾನ ಹೊಂದಿದವರಿಗೆ ಜಾತಿಯೊಡನೆ ಬಾಂಧವ್ಯವೂ, ಅನೇಕ ವೇಳೆ ಕಸುಬೂ ತಪ್ಪಿದುವು. ದಾಸತ್ವಕ್ಕೆ ನ್ಯಾಯಾಲಯದ ಮನ್ನಣೆಯನ್ನು ತೆಗೆದುಹಾಕಿದ 1843ರ ಐದನೆಯ ಕಾಯಿದೆಯೂ, ಮತಾಂತರದಿಂದ ದಾಯಹಕ್ಕು ಲೋಪವಾಗದೆಂದು ವಿಧಿಸಿದ 1850ರ ಇಪ್ಪತ್ತೊಂದನೆಯ ಕಾಯಿದೆಯೂ ಕಂಪನಿಯ ಆಳಿಕೆಯ ಸೀಮೆಯಲ್ಲಿ ಜಾರಿಯಲ್ಲಿದ್ದುವು. ಆದರೆ ಗುಳೇದಗುಡ್ಡದಿಂದ ವಾಯವ್ಯಕ್ಕಿರುವ ಮುಧೋಳವು ಘೋರ್ಪಡೆಯವರ ಸಂಸ್ಥಾನ, ಜಮಖಂಡಿಯು ಪಟವರ್ಧನರ ಸಂಸ್ಥಾನ. ಕಾಯಿದೆಯಿದ್ದ ಕಡೆಯಲ್ಲಿಯೂ ಅದು ಭೂಮಿಯ ಪಾಲನ್ನು ಕೊಡಿಸಬಲ್ಲದಲ್ಲದೆ ಬಾವಿಯ ನೀರನ್ನಾಗಲಿ ಪಂಕ್ತಿಯ ಊಟವನ್ನಾಗಲಿ ಕೊಡಿಸಲಾರದು. ಆದುದರಿಂದ ಮಿಶನ್ನಿನವರು ಮಂಗಳೂರು ಮೊದಲಾದೆಡೆ ನೆಯಿಗೆಯ ಕಾರ್ಖಾನೆಗಳನ್ನೂ, 1865ರಿಂದ ಹೆಂಚಿನ ಕಾರ್ಖಾನೆಗಳನ್ನೂ ನಡೆಯಿಸಿದರು.

ಇಲ್ಲಿಯೇ ಬಲವಾದ ಪೂರ್ವಪಕ್ಷವು ಏಳುತ್ತದೆ. ಜಾತಿಯ ಕಟ್ಟಿನಿಂದ ಬಿಡಿಸಲ್ಪಟ್ಟವನು ಮಿಶನ್ನಿನ ಮನೆಯಲ್ಲಿ ವಾಸಿಸಿ, ಮಿಶನ್ನಿನ ಮಗ್ಗದಲ್ಲಿ ನೆಯ್ದು, ಅದರ ಸಭಾನಿಯಮಗಳಿಗೆ ಒಳಪಟ್ಟಮೇಲೆ, ಅವನ ಹೊಸ ಒಡೆಯನು ಕ್ರಿಸ್ತನೋ ಬಾಸೆಲಿನ ಸಂಸ್ಥೆಯೋ? ಋಣವನ್ನು ತೀರಿಸಿದವನಿಗೆ ದಾಸನಾಗುವನೆಂಬ ನಾರದನ ಮಾತು ಇಲ್ಲಿ ಲೌಕಿಕವಾಗಿಯೇ ನಿಜವಾಯಿತಲ್ಲವೇ? ಈ ಆಕ್ಷೇಪವನ್ನು ಅಲ್ಲಗಳೆಯುವಂತಿಲ್ಲ. ಅನ್ನದ ಆಶ್ರಯವೂ ಆತ್ಮದ ನಿಷ್ಠೆಯೂ ಒಂದೇ ಕೈಯಿಂದ ಬರುವಲ್ಲಿ, ಎರಡನ್ನೂ ಬೇರ್ಪಡಿಸಿ ನೋಡುವುದು ಆಶ್ರಿತನಿಗೂ ಕಷ್ಟ, ಚರಿತ್ರಕಾರನಿಗೂ ಕಷ್ಟ.

ಆದರೆ ಕಾಲವೇ ಅವೆರಡನ್ನೂ ಬೇರ್ಪಡಿಸಿ ತೋರಿಸಿತು. 1914ರಲ್ಲಿ ಮಹಾಯುದ್ಧವು ಆರಂಭವಾಗಲು ಜರ್ಮನ್ ಪಾದ್ರಿಗಳು ಶತ್ರುದೇಶದವರೆನಿಸಿ ಬಂಧನಕ್ಕೊಳಗಾದರು. ಬಳಿಕ ದೇಶದಿಂದ ಕಳುಹಿಸಲ್ಪಟ್ಟರು. ಕಾರ್ಖಾನೆಗಳು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ವಶಕ್ಕೆ ಹೋದುವು. ಋಣವಿತ್ತ ಲೌಕಿಕ ಒಡೆಯನು ಹೀಗೆ ಕಣ್ಮರೆಯಾದಾಗ, ನಿಷ್ಠೆಯು ಅವನಲ್ಲಿಯೇ ನೆಟ್ಟಿದ್ದರೆ ಸಭೆಗಳು ಚದರಿಹೋಗಬೇಕಾಗಿತ್ತು. ಹಾಗಾಗಲಿಲ್ಲ. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳ ಸಭೆಗಳು ಉಳಿದುವು. ಮುಂದೆ ಅವು 1947ರಲ್ಲಿ ಸ್ಥಾಪಿತವಾದ ದಕ್ಷಿಣ ಇಂಡಿಯಾ ಸಭೆಯ ಐಕ್ಯವನ್ನು ಸೇರಿದುವು. ಪ್ರತಿಯೊಬ್ಬನ ಅಂತರಂಗವನ್ನು ಇದರಿಂದ ಅಳೆಯಲಾಗದಾದರೂ, ಸಮುದಾಯದ ನಿಷ್ಠೆಯು ಆಶ್ರಯದಾತನನ್ನು ದಾಟಿ ಬೇರೆಡೆ ನಿಂತಿತ್ತೆಂಬುದಕ್ಕೆ ಇದು ಪ್ರಮಾಣವಾಗುತ್ತದೆ.

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಕನ್ನಡ ಕ್ರೈಸ್ತಸಾಹಿತ್ಯದ ಪಾಪವಿಮೋಚನೆಯನ್ನು ಮೋಕ್ಷದ ಪರ್ಯಾಯವೆಂದು ತಿಳಿದರೆ ಅರ್ಥವು ಅರ್ಧವೇ ದೊರೆಯುತ್ತದೆ. ಮೋಕ್ಷದಲ್ಲಿ ಬಂಧವು ಕಳಚುವುದು ಮುಖ್ಯ; ಇಲ್ಲಿ ಕಳಚಿದವನು ಯಾರಿಗೆ ಸೇರಿದನೆಂಬುದು ಅಷ್ಟೇ ಮುಖ್ಯ. ಕಥಾಮಾಲೆಯನ್ನೋ ಸತ್ಯವೇದದ ಪತ್ರಿಕೆಗಳನ್ನೋ ಪಾಠ ಹೇಳುವವರು ದಾಸಶಬ್ದದ ಎದುರಿಗೆ ಹರಿದಾಸರ ಭಕ್ತಿಯನ್ನು ಮಾತ್ರವಲ್ಲದೆ ಮಿತಾಕ್ಷರೆಯ ದಾಸಪ್ರಕರಣವನ್ನೂ ಇಟ್ಟುಕೊಂಡರೆ, ಹೆಗಲಿನಿಂದ ಇಳಿದ ಕೊಡದ ಭಾರವೂ ನಾನು ನಿನ್ನವನೆಂಬ ಮಾತಿನ ಭಾರವೂ ವಿದ್ಯಾರ್ಥಿಗಳಿಗೆ ಒಟ್ಟಿಗೆ ತಿಳಿದುಬರುವುವು.