ಅಳಿವೆಯ ಬಾಯಲ್ಲಿ



ಕುಂದಾಪುರದಿಂದ ಬೈಂದೂರಿನ ಕಡೆಗೆ ಹೋಗುವ ಬಸ್ಸಿನಲ್ಲಿ ನೀವು ಎಂದಾದರೂ ಕಿಟಕಿಯ ಪಕ್ಕ ಕುಳಿತಿದ್ದರೆ ಒಂದು ವಿಷಯ ಗಮನಕ್ಕೆ ಬಂದಿರಬೇಕು. ಪೇಟೆ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಸೇತುವೆಗಳು ಒಂದರ ಹಿಂದೆ ಒಂದು ಬರುತ್ತವೆ. ಮರವಂತೆಗೆ ಬಂದಾಗ ಎಡಗಡೆ ಕಡಲು, ಬಲಗಡೆ ಸೌಪರ್ಣಿಕಾ ನದಿ, ನಡುವೆ ಬಸ್ಸು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಗಂಗೊಳ್ಳಿಯ ಬಳಿ ಕೂಡಿ ಒಂದೇ ಬಾಯಿಂದ ಸಮುದ್ರ ಸೇರುತ್ತವೆ. ಇದೇ ಪಂಚಗಂಗಾವಳಿ. ದಕ್ಷಿಣಕ್ಕೆ ಬ್ರಹ್ಮಾವರದ ಕಡೆ ಬಂದರೆ ಸೀತಾ ಮತ್ತು ಸುವರ್ಣಾ ನದಿಗಳು ಕೋಡಿ ಬೆಂಗ್ರೆಯ ಹತ್ತಿರ ಹಾಗೆಯೇ ಜೊತೆಗೂಡಿ ಕಡಲಿಗೆ ಇಳಿಯುತ್ತವೆ. ನದಿ ಕಡಲನ್ನು ಸೇರುವ ಈ ಬಾಯಿಗೆ ನಮ್ಮವರು ಅಳಿವೆ ಎನ್ನುತ್ತಾರೆ. ಕುಂದಾಪುರದ ಮಾತಿನಲ್ಲಿ ಅಳ್ವೆ. ಈ ನಾಡಿನ ದೋಣಿ ದುರಂತಗಳ ಚರಿತ್ರೆಯನ್ನು ಓದಲು ಹೊರಟವರು ಮೊದಲು ಬಂದು ನಿಲ್ಲಬೇಕಾದ ಜಾಗ ಇದು.

ಹಿಂದಿನ ಕಾಲದ ಬಂದರುಗಳು ಕಡಲತಡಿಯಲ್ಲಿ ಇರಲಿಲ್ಲ, ಅಳಿವೆಯಿಂದ ಒಳಗೆ ನದಿಯ ದಂಡೆಯಲ್ಲಿ ಇದ್ದವು. ಬಸರೂರು ವಾರಾಹಿಯ ದಡದಲ್ಲಿ, ಬಾರಕೂರು ಸೀತಾ ನದಿಯ ದಡದಲ್ಲಿ. ಹದಿನಾಲ್ಕನೆಯ ಶತಮಾನದಲ್ಲಿ ಈ ದಾರಿಯಾಗಿ ಹೋದ ಇಬ್ನ್ ಬತೂತ ಎರಡನ್ನೂ ಹೆಸರಿಸಿದ್ದಾನೆ. ಅವನು ಫಾಕನೂರ್ ಎಂದು ಕರೆದದ್ದು ನಮ್ಮ ಬಾರಕೂರನ್ನೇ. ಹಡಗು ಒಳಗೆ ಬಂದರೆ ಬಿರುಗಾಳಿಯ ಭಯವಿಲ್ಲ, ಆದರೆ ಒಳಗೆ ಬರುವುದಕ್ಕೆ ಅಳಿವೆಯನ್ನು ದಾಟಲೇಬೇಕು. ಆದ್ದರಿಂದ ವ್ಯಾಪಾರವೆಲ್ಲ ಋತುವಿನ ಲೆಕ್ಕದಲ್ಲಿ ನಡೆಯುತ್ತಿತ್ತು. 1665ರಲ್ಲಿ ಶಿವಾಜಿ ತನ್ನ ನೌಕಾಪಡೆಯೊಂದಿಗೆ ಬಸರೂರಿನ ಮೇಲೆ ದಾಳಿ ಮಾಡಿದ್ದು ಫೆಬ್ರವರಿ ತಿಂಗಳಲ್ಲಿ. ಪರೀಕ್ಷೆಗೆ ಇಸವಿಯನ್ನು ಬಾಯಿಪಾಠ ಮಾಡುವ ನೀವು ಈ ತಿಂಗಳನ್ನೂ ಸ್ವಲ್ಪ ಗಮನಿಸಿ. ಜೂನ್ ಅಥವಾ ಜುಲೈಯಲ್ಲಾದರೆ ಅಂಥ ದಂಡಯಾತ್ರೆ ಅಳಿವೆಯ ಹೊರಗೇ ಮುಗಿದುಹೋಗುತ್ತಿತ್ತು.

ಅಳಿವೆಯಲ್ಲಿ ಅಂಥದೇನಿದೆ? ಇಲ್ಲಿ ಸ್ವಲ್ಪ ವಿಜ್ಞಾನದ ನೆರವು ಬೇಕು. ಘಟ್ಟದಿಂದ ಇಳಿದ ನದಿ ತಂದ ಮರಳು, ಅಲೆ ತಳ್ಳಿದ ಮರಳು ಎರಡೂ ಬಾಯಲ್ಲಿ ಸೇರಿ ದಿಬ್ಬವಾಗುತ್ತವೆ. ಆಳ ಸಮುದ್ರದಲ್ಲಿ ದೋಣಿಯನ್ನು ತೊಟ್ಟಿಲಿನಂತೆ ಮೇಲೆತ್ತಿ ಇಳಿಸುವ ಅಲೆ ಈ ದಿಬ್ಬದ ಮೇಲೆ ಬಂದಾಗ ಕಡಿದಾಗಿ ಎದ್ದು ನಿಲ್ಲುತ್ತದೆ. ಅಲೆಯ ಎತ್ತರ ನೀರಿನ ಆಳದ ಸುಮಾರು ಮುಕ್ಕಾಲು ಭಾಗವನ್ನು ಮುಟ್ಟಿತೆಂದರೆ ಅದು ಮಗುಚಿ ಒಡೆಯುತ್ತದೆ. ಎರಡು ಮೀಟರು ನೀರಿರುವ ಕಡೆ ಒಂದೂವರೆ ಮೀಟರಿನ ಅಲೆ ಸಾಕು. ಇಳಿತದ ಹೊತ್ತಿನಲ್ಲಿ, ಅದರಲ್ಲೂ ಮಳೆಗಾಲದ ನೆರೆ ನೀರು ರಭಸದಿಂದ ಹೊರಗೆ ಹರಿಯುವಾಗ, ಎದುರಿನಿಂದ ಬರುವ ಅಲೆ ಇನ್ನಷ್ಟು ಮೊಟಕಾಗಿ ಇನ್ನಷ್ಟು ಕಡಿದಾಗುತ್ತದೆ. ಒಳಬರುವ ದೋಣಿಯ ಹಿಂಭಾಗವನ್ನು ಅಂಥ ಅಲೆ ಎತ್ತಿದರೆ ಮೂತಿ ನೀರಿಗೆ ಇಳಿಯುತ್ತದೆ. ಚುಕ್ಕಾಣಿಯೂ ಎಂಜಿನ್ನಿನ ರೆಕ್ಕೆಯೂ ಗಾಳಿಯಲ್ಲಿ ತಿರುಗುತ್ತವೆ. ದೋಣಿ ಅಲೆಗೆ ಅಡ್ಡಲಾಗಿ ಹೊರಳಿ ಮಗುಚುತ್ತದೆ. ಇದಕ್ಕೆ ಬೇಕಾಗುವ ಸಮಯ ಕೆಲವೇ ಕ್ಷಣ.

2020ರ ಆಗಸ್ಟ್ 16ರಂದು ಬೈಂದೂರು ತಾಲೂಕಿನ ಕಿರಿಮಂಜೇಶ್ವರದ ಕೊಡೇರಿ ಬಂದರಿನ ಬಳಿ ಮೀನುಗಾರಿಕೆ ಮುಗಿಸಿ ಮರಳುತ್ತಿದ್ದ ನಾಡದೋಣಿಯೊಂದು ಅಲೆಗಳ ಹೊಡೆತಕ್ಕೆ ಸಿಕ್ಕಿತು. ಕೆಲವರು ಈಜಿ ದಡ ಸೇರಿದರು, ನಾಲ್ವರು ಮೀನುಗಾರರು ಪ್ರಾಣ ಕಳೆದುಕೊಂಡರು. 2023ರ ಜುಲೈ ಕೊನೆಯಲ್ಲಿ ಉಪ್ಪುಂದದ ಬಳಿ ದೋಣಿ ಮಗುಚಿ ಇಬ್ಬರು ಹೋದರು. 2025ರ ಜುಲೈ 15ರಂದು ಗಂಗೊಳ್ಳಿಯ ಬಳಿ ನಾಲ್ವರಿದ್ದ ನಾಡದೋಣಿ ಮಗುಚಿದಾಗ ಒಬ್ಬರು ಮಾತ್ರ ಬದುಕಿದರು. ತಿಂಗಳುಗಳನ್ನು ನೋಡಿ: ಜುಲೈ, ಆಗಸ್ಟ್. ಸ್ಥಳಗಳನ್ನು ನೋಡಿ: ದಡದಲ್ಲಿ ನಿಂತವರಿಗೆ ಕಾಣುವಷ್ಟು ಹತ್ತಿರ. ಸತ್ತವರಾರೂ ಕಡಲನ್ನು ಅರಿಯದವರಲ್ಲ, ಮೊಗವೀರರ, ಖಾರ್ವಿಗಳ ಕೇರಿಗಳಲ್ಲಿ ನಡೆಯಲು ಕಲಿಯುವ ವಯಸ್ಸಿನಲ್ಲೇ ಈಜಲು ಕಲಿತ ಜನ ಅವರು.

ಹಾಗಾದರೆ ಅರಿತವರು ಆ ದಿನಗಳಲ್ಲಿ ಯಾಕೆ ಕಡಲಿಗೆ ಇಳಿದರು ಎಂದು ನೀವು ಕೇಳಬಹುದು. ಉತ್ತರ ಧೈರ್ಯದಲ್ಲಿಲ್ಲ, ಮಾರುಕಟ್ಟೆಯಲ್ಲಿದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿ ಮಾಡುವ ಕಾಲ ಅದು. ಸಣ್ಣ ಎಂಜಿನ್ನಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ದೊಡ್ಡ ಬೋಟುಗಳು ಬಂದರಿನಲ್ಲಿ ಕಟ್ಟಿಕೊಂಡಿರುವಾಗ ಪೇಟೆಯಲ್ಲಿ ಮೀನಿಗೆ ಬರ, ಬೆಲೆ ಏರುತ್ತದೆ. ಅದೇ ಹೊತ್ತಿಗೆ ಕಲಕಿದ ಕಡಲಿನಲ್ಲಿ ಸಿಗಡಿ ದಡದ ಹತ್ತಿರ ಬರುತ್ತದೆ. ವರ್ಷದ ಗಳಿಕೆಯ ದೊಡ್ಡ ಪಾಲು ಈ ಕೆಲವು ವಾರಗಳಲ್ಲಿ ಎಂದಾದಾಗ ಸಣ್ಣ ದೋಣಿಯವನು ಮನೆಯಲ್ಲಿ ಕುಳಿತಿರಲಾರ. ಹಿಂದೆ ರಂಪಣಿಯ ಕಾಲದಲ್ಲಿ ಹತ್ತಾರು ಮಂದಿ ಸೇರಿ ಬಲೆಯನ್ನು ದಡದಿಂದಲೇ ಎಳೆಯುತ್ತಿದ್ದರು, ಕಡಲು ತಣಿಯುವವರೆಗೆ ಕಾಯುವುದು ಆ ಕಸುಬಿನ ಒಳಗೇ ಇತ್ತು. 1970ರ ದಶಕದ ನಡುಭಾಗದಲ್ಲಿ ಪರ್ಸಿನ್ ಬಲೆ ಬಂದು ರಂಪಣಿ ಹಿಂದೆ ಸರಿಯಿತು. ಎಂಜಿನ್ನು ಶ್ರಮವನ್ನು ಕಡಿಮೆ ಮಾಡಿತು. ಕಾಯುವ ಅಭ್ಯಾಸವನ್ನೂ ಕಡಿಮೆ ಮಾಡಿತು ಎಂದು ನನಗೆ ಅನ್ನಿಸುತ್ತದೆ. ಮರವಂತೆಯ ವರಾಹ ಮಹಾರಾಜಸ್ವಾಮಿಯ ಸನ್ನಿಧಿಯಲ್ಲಿ ಕರ್ಕಾಟಕ ಅಮಾವಾಸ್ಯೆಯ ಜಾತ್ರೆ ನಡೆಯುವುದು ಕಡಲು ಅಬ್ಬರಿಸುವ ಈ ದಿನಗಳಲ್ಲೇ ಎಂಬುದು ಆಕಸ್ಮಿಕವಲ್ಲದಿರಬಹುದು.

ಇನ್ನೊಂದು ಬಗೆಯ ದುರಂತವಿದೆ. ಅದು ಕಡಲನ್ನು ಅರಿಯದವರದ್ದು.

ಸೇತುವೆಗಳು ಬರುವ ಮೊದಲು ನಮ್ಮ ಊರುಗಳ ನಡುವೆ ಕಡವುಗಳಿದ್ದವು. ಚಿಕ್ಕಂದಿನಲ್ಲಿ ನಾನು ಕುಂದಾಪುರದಿಂದ ಗಂಗೊಳ್ಳಿಗೆ ದೋಣಿಯಲ್ಲಿ ದಾಟಿದ್ದುಂಟು. ರಸ್ತೆಯಲ್ಲಿ ಸುತ್ತಿ ಬರುವವನಿಗಿಂತ ದೋಣಿಯವನು ಎಷ್ಟೋ ಮೊದಲು ತಲುಪುತ್ತಿದ್ದ. ಅಂಬಿಗ ಮುದುಕ ಹೊರಡುವ ಮೊದಲು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: "ಕೂಕಣಿ ಮಾರಾಯ್ರೆ, ಎದ್ದ್ ನಿಂತ್ಕಂಬ್ಕಾಗ." ಆ ಮಾತಿನಲ್ಲಿ ನೌಕಾಶಾಸ್ತ್ರದ ಅರ್ಧ ಪಾಠವಿದೆ. ದೋಣಿಯ ಭಾರ ಕೆಳಗಿದ್ದಷ್ಟು ಅದು ಓಲಿದರೂ ಮತ್ತೆ ನೆಟ್ಟಗಾಗುತ್ತದೆ. ಹತ್ತು ಜನ ಎದ್ದು ನಿಂತರೆ ಭಾರದ ಕೇಂದ್ರ ಮೇಲೇರುತ್ತದೆ. ಅವರು ಒಂದೇ ಬದಿಗೆ ಬಾಗಿದರೆ ದೋಣಿ ಹಿಂದಕ್ಕೆ ಬರುವುದಿಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿ ದೋಣಿಯ ಜನ ಕಾಡುಪ್ರಾಣಿಗಳನ್ನು ನೋಡಲು ಒಂದೇ ಕಡೆಗೆ ಸರಿದರು; 45 ಮಂದಿ ಸತ್ತರು. ಅಲ್ಲಿ ಅಲೆಯೂ ಇರಲಿಲ್ಲ, ಅಳಿವೆಯೂ ಇರಲಿಲ್ಲ.

ಇನ್ನರ್ಧ ಪಾಠ ಎಣಿಕೆಯದ್ದು. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿದ್ದಾಗ, 1890ರಲ್ಲೇ ಕಾಲುವೆ ಮತ್ತು ಸಾರ್ವಜನಿಕ ಕಡವುಗಳ ಕಾಯಿದೆ ಬಂತು. ಕಡವಿನ ಸುಂಕವನ್ನು ಗುತ್ತಿಗೆಗೆ ಕೊಡುವ ಪದ್ಧತಿಯೂ ಇತ್ತು. ಗುತ್ತಿಗೆಯ ಹಣ ಮೊದಲೇ ನಿಗದಿ, ಆದಾಯ ಮಾತ್ರ ತಲೆಯೊಂದಕ್ಕೆ ಇಷ್ಟು ಎಂದಾದರೆ, ಇನ್ನೊಬ್ಬ ಹತ್ತಲಿ ಎಂಬ ಆಸೆ ಆ ಲೆಕ್ಕದಿಂದಲೇ ಹುಟ್ಟುತ್ತದೆ. ಇದು ನಮ್ಮ ದೇಶದ ಕಾಯಿಲೆ ಮಾತ್ರವಲ್ಲ. ಇಂಗ್ಲೆಂಡಿನಲ್ಲಿ ಹಡಗಿನ ಮಾಲೀಕರು ಮಿತಿಮೀರಿ ಸರಕು ತುಂಬುತ್ತಿದ್ದುದರ ವಿರುದ್ಧ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸತ್ ಸದಸ್ಯ ವರ್ಷಗಟ್ಟಲೆ ಹೋರಾಡಿದ. 1876ರಲ್ಲಿ ಹಡಗಿನ ಹೊರಮೈಯಲ್ಲಿ ಭಾರದ ಗೆರೆ ಎಳೆಯಬೇಕೆಂದು ಕಾನೂನಾಯಿತು. ಇಂದು ಯಾವ ಸರಕು ಹಡಗನ್ನು ನೋಡಿದರೂ ಆ ಗೆರೆ ಕಾಣುತ್ತದೆ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಹಡಗಿನಲ್ಲಿ 2,200ಕ್ಕೂ ಹೆಚ್ಚು ಜನರಿದ್ದರು, ರಕ್ಷಣಾ ದೋಣಿಗಳಲ್ಲಿ ಇದ್ದ ಜಾಗ 1,178 ಮಂದಿಗೆ. ಎಲ್ಲರಿಗೂ ಸಾಲುವಷ್ಟು ದೋಣಿ ಇರಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದ ಆದದ್ದು ಅದರ ನಂತರ, 1914ರಲ್ಲಿ. ಸಮುದ್ರದ ನಿಯಮಗಳಲ್ಲಿ ಹೆಚ್ಚಿನವು ಹೀಗೆ ಹೆಣಗಳನ್ನು ಎಣಿಸಿದ ಮೇಲೆ ಬರೆದವು.

ಆದರೂ ನಿಯಮ ದಡದಲ್ಲೇ ಉಳಿದುಬಿಡುತ್ತದೆ. 2007ರ ಫೆಬ್ರವರಿ 20ರಂದು ಕೇರಳದ ತಟ್ಟೇಕ್ಕಾಡಿನಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 15 ಮಕ್ಕಳು, 3 ಶಿಕ್ಷಕರು ಸತ್ತರು. ನಮ್ಮ ಕಾರವಾರದಲ್ಲಿ 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಬಯಲುಸೀಮೆಯಿಂದ ಬಂದ ಕುಟುಂಬಗಳು, ಮಕ್ಕಳು. ಮಿತಿಗಿಂತ ಹೆಚ್ಚು ಜನ. ಮೈಮೇಲೆ ಲೈಫ್ ಜಾಕೆಟ್ ಇಲ್ಲ. ಜನವರಿ ಎಂದರೆ ನಮ್ಮ ಕಡಲು ಶಾಂತವಾಗಿರುವ ತಿಂಗಳು. ಹಳೆಯ ಋತುವಿನ ಲೆಕ್ಕ ಇಂಥ ದುರಂತವನ್ನು ತಡೆಯಲಾರದು. 1917ರ ಒಳನಾಡು ನೌಕೆಗಳ ಕಾಯಿದೆಯ ಬದಲಿಗೆ 2021ರಲ್ಲಿ ಹೊಸ ಕಾಯಿದೆ ಬಂದಿದೆ. ನೋಂದಣಿ, ತಪಾಸಣೆ, ರಕ್ಷಣಾ ಸಾಮಗ್ರಿ ಎಲ್ಲಕ್ಕೂ ಅದರಲ್ಲಿ ವಿಧಿಯಿದೆ. ಆದರೆ ದೋಣಿ ಹೊರಡುವ ಹೊತ್ತಿನಲ್ಲಿ ಅಲ್ಲಿ ಇರುವವರು ನೀವು. ತಲೆ ಎಣಿಸಿ. ಜಾಕೆಟ್ ಕೊಟ್ಟರೆ ಅದರ ಮೇಲೆ ಕುಳಿತುಕೊಳ್ಳಬೇಡಿ, ಪಟ್ಟಿ ಬಿಗಿದು ತೊಟ್ಟುಕೊಳ್ಳಿ. ಕೊಡದಿದ್ದರೆ ಇಳಿಯಿರಿ, ಗೆಳೆಯರು ನಗುತ್ತಾರೆ, ನಗಲಿ.

ಮೀನುಗಾರರು ಅದನ್ನು ತೊಡುವುದಿಲ್ಲವಲ್ಲ ಎನ್ನುವಿರಾದರೆ, ಅದು ಸುಳ್ಳಲ್ಲ. ಬಲೆ ಎಳೆಯುವವನಿಗೆ ದಪ್ಪ ಜಾಕೆಟ್ ಕೈಗೆ ಅಡ್ಡ ಬರುತ್ತದೆ, ಸೆಕೆಯಲ್ಲಿ ಮೈ ಬೇಯುತ್ತದೆ. ಕೆಲಸಕ್ಕೆ ಒಗ್ಗದ ಸಾಮಗ್ರಿಯನ್ನು ಕೊಟ್ಟು, ತೊಡಲಿಲ್ಲವೆಂದು ಬೈಯುವುದು ನ್ಯಾಯವಲ್ಲ. ಆದರೆ ಬಲೆ ಎಳೆಯುವ ಕೆಲಸ ಅಳಿವೆಯ ಬಾಯಲ್ಲಿ ಇರುವುದಿಲ್ಲ. ಅದನ್ನು ದಾಟುವಷ್ಟು ಹೊತ್ತಾದರೂ ತೊಡಬಹುದು.

ನಡುಗಡಲಿನ ಕಥೆ ಬೇರೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಜನರೊಂದಿಗೆ ಹೊರಟ ಸುವರ್ಣ ತ್ರಿಭುಜ ಎಂಬ ಬೋಟು 15ರ ರಾತ್ರಿಯ ನಂತರ ಸಂಪರ್ಕಕ್ಕೆ ಸಿಗಲಿಲ್ಲ. ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗೆ ಇಳಿದು ಪ್ರತಿಭಟಿಸಿದರು. ಮಹಾರಾಷ್ಟ್ರದ ಮಾಲ್ವಣದಿಂದ ಸುಮಾರು 33 ಕಿಲೋಮೀಟರು ದೂರದಲ್ಲಿ, 60 ಮೀಟರು ಆಳದಲ್ಲಿ ನೌಕಾಪಡೆಗೆ ಅದರ ಅವಶೇಷ ಸಿಕ್ಕಿದ್ದು 2019ರ ಮೇ ಆರಂಭದಲ್ಲಿ. ನಾಲ್ಕೂವರೆ ತಿಂಗಳು ಆ ಏಳು ಮನೆಗಳಲ್ಲಿ ಶ್ರಾದ್ಧ ಮಾಡಬೇಕೋ ದಾರಿ ಕಾಯಬೇಕೋ ಎಂದು ತಿಳಿಯದೆ ಜನ ಬದುಕಿದರು. ಆಪತ್ತಿನಲ್ಲಿ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ದೋಣಿಯ ಸ್ಥಾನ ತಿಳಿಸುವ ಯಂತ್ರವನ್ನು ನಮ್ಮ ಇಸ್ರೋ ಸಂಸ್ಥೆ ರೂಪಿಸಿದೆ. ಅಲೆಯ ಎತ್ತರದ ಮುನ್ಸೂಚನೆಯನ್ನು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಕೊಡುತ್ತದೆ. ಕರಾವಳಿ ಕಾವಲು ಪಡೆಯ ಸಂಖ್ಯೆ 1554, ಕರಾವಳಿ ಕಾವಲು ಪೊಲೀಸರದ್ದು 1093. ಇವನ್ನು ನಿಮ್ಮ ಮನೆಯ ಹಿರಿಯರ ಫೋನಿನಲ್ಲಿ ನೀವೇ ಬರೆದುಕೊಡಬಹುದು.

ಮಗುಚಿದ ಮೇಲೆ ಏನು? ಮರದ ಅಥವಾ ಫೈಬರಿನ ದೋಣಿ ತಲೆಕೆಳಗಾದರೂ ಬಹುಪಾಲು ತೇಲುತ್ತಲೇ ಇರುತ್ತದೆ. ದಡ ಹತ್ತಿರ ಕಂಡಿತೆಂದು ಅದನ್ನು ಬಿಟ್ಟು ಈಜಲು ಹೊರಟವನನ್ನು ಇಳಿತದ ಸೆಳೆತ ಹೊರಗೊಯ್ಯುತ್ತದೆ. ದೋಣಿಯನ್ನೇ ಹಿಡಿದುಕೊಂಡಿರಬೇಕು. ದಡದಲ್ಲಿರುವವರು ಕೂಡಲೇ ಹಾರುವುದು ಬೇಡ. ಮುಚ್ಚಳ ಬಿಗಿದ 20 ಲೀಟರಿನ ಖಾಲಿ ಕ್ಯಾನು ಒಬ್ಬನ ತಲೆಯನ್ನು ನೀರಿನ ಮೇಲಿಡಲು ಸಾಕು; ಅದಕ್ಕೊಂದು ಹಗ್ಗ ಕಟ್ಟಿ ಎಸೆಯಿರಿ.

ಆಗಸ್ಟಿನ ಕೊನೆಯಲ್ಲಿ ಒಂದು ಸಂಜೆ ಕುಂದಾಪುರದ ಕೋಡಿಗೆ ಹೋಗಿ, ಕಲ್ಲುಗಳ ಮೇಲೆ ಇಳಿಯದೆ ದೂರದಲ್ಲಿ ನಿಂತು ಅಳಿವೆಯನ್ನು ನೋಡಿ. ಹೊರಗೆ ಒಂದು ದೋಣಿ ಎಂಜಿನ್ನು ತಗ್ಗಿಸಿಕೊಂಡು ನಿಂತಿರುತ್ತದೆ. ಕೆಟ್ಟು ನಿಂತಿಲ್ಲ. ಚುಕ್ಕಾಣಿ ಹಿಡಿದ ತಾಂಡೇಲ ಹಿಂದಕ್ಕೆ ತಿರುಗಿ ಅಲೆ ಎಣಿಸುತ್ತಿದ್ದಾನೆ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಆಮೇಲೆ ಸ್ವಲ್ಪ ಬಿಡುವು. ನೀವೂ ಎಣಿಸುತ್ತಾ ಹೋಗಿ. ಅವನು ಯಾವ ಅಲೆಯ ಬೆನ್ನ ಹಿಂದೆ ಎಂಜಿನ್ನು ಏರಿಸುತ್ತಾನೆ ಎಂದು ಊಹಿಸಿ; ಮೊದಲ ಸಲ ನಿಮ್ಮ ಊಹೆ ತಪ್ಪುತ್ತದೆ.